ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಅಧ್ಯಕ್ಷನಾದ ಗೆಳೆಯನಿಗೆ

ಪ್ರಿಯ ಗೆಳೆಯಾ,

ಜೂನ್‌ನಲ್ಲಿ ಕೇರಳದ ನಮ್ಮ ಕನ್ನಡ ಶಾಲೆ ತೆರೆಯುವಾಗ ಹಂಚಲಿಕ್ಕೆಂದು ನೀನು ಕಳಿಸಿದ ನಿಯಮಗಳ ಕರಡು ಓದಿದೆ. ‘ಸಭ್ಯ ಉಡುಪು ಧರಿಸಬೇಕು, ಬ್ಯಾಡ್ಜ್, ಫಲಕ, ಘೋಷಣೆ ಕೂಡದು, ತಪ್ಪಿದರೆ ಟಿ.ಸಿ.’ ಎಂಬ ಸಾಲನ್ನು ದಯವಿಟ್ಟು ತೆಗೆ. ಬಟ್ಟೆಯನ್ನೂ ಮಾತನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡ ಮಾರಾಯ.

ಮೊದಲು ಮಾತಿನ ವಿಷಯ. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ನಮ್ಮ ಕೇರಳದ್ದೇ. 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದರು. ಅವರು ಅಸೆಂಬ್ಲಿಯಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ, ಅಷ್ಟೆ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಲು ಹೇಳಿತು. ನಿನಗೆ ಬೇಕಾದದ್ದು ಅದರ ಕಾರಣ. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಕಾನೂನೇ ಬೇಕು. ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಆ ಬಲವಿಲ್ಲ ಎಂದಿತು ಕೋರ್ಟು. ಇಲಾಖೆಯ ಸುತ್ತೋಲೆಗೇ ಇಲ್ಲದ ಬಲ ಪಿ.ಟಿ.ಎ. ನಿರ್ಣಯಕ್ಕೆ ಎಲ್ಲಿಂದ ಬರಬೇಕು?

ಹಾಗೆಂದು ಪಾಠ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ತರಗತಿಗೆ ಅಡ್ಡಿಯಾಗುವ ಮುಷ್ಕರ, ಘೇರಾವ್‌ಗಳನ್ನು ಕೇರಳ ಹೈಕೋರ್ಟ್ 2020ರಲ್ಲಿ ತಡೆದಿದೆ. ನಿಯಮವೂ ಅಡ್ಡಿಯನ್ನೇ ಹಿಡಿಯಲಿ: ‘ಪಾಠದ ಹೊತ್ತಿನಲ್ಲಿ ತರಗತಿಗೆ ತೊಂದರೆ ಕೊಡಬಾರದು’ ಎಂದರೆ ಸಾಕು. ‘ನಮಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು’ ಎಂದು ಊಟದ ಬಿಡುವಿನಲ್ಲಿ ಫಲಕ ಹಿಡಿದ ಮಗುವನ್ನು ಶಿಕ್ಷಿಸುವ ನಿಯಮ ನಮ್ಮ ಕನ್ನಡ ಶಾಲೆಯಲ್ಲಿ ಇರಲೇಬಾರದು.

ಸಮವಸ್ತ್ರದಲ್ಲಿ ಶಾಲೆಗೆ ಹೆಚ್ಚು ಅಧಿಕಾರವಿದೆ. ತಲೆವಸ್ತ್ರ ಮತ್ತು ತುಂಬುತೋಳಿನ ಅಂಗಿಗಾಗಿ ಇಬ್ಬರು ವಿದ್ಯಾರ್ಥಿನಿಯರು ಹೂಡಿದ ಅರ್ಜಿಯಲ್ಲಿ ಕೇರಳ ಹೈಕೋರ್ಟ್ 2018ರಲ್ಲಿ ಖಾಸಗಿ ಶಾಲೆಯ ಆಡಳಿತದ ಹಕ್ಕನ್ನೇ ಮೇಲೆಂದು ಎಣಿಸಿತು. ನನಗೆ ಆ ತೀರ್ಪು ಒಪ್ಪಿಗೆಯಾಗದು, ಆದರೆ ಅದು ಇರುವುದು ನಿಜ. ಮಂಗಳೂರಿನ ಪತ್ರಿಕೆ ಓದುವ ಹೆತ್ತವರು ಹಿಜಾಬ್ ವಿವಾದದ ಹೊತ್ತಿನಲ್ಲಿ ಬಂದ ಕರ್ನಾಟಕದ 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶವನ್ನು ಮೀಟಿಂಗಿನಲ್ಲಿ ಎತ್ತಬಹುದು. ಆ ಆದೇಶ ತಲಪಾಡಿಯ ಗಡಿ ದಾಟಿ ಕೇರಳಕ್ಕೆ ಬರುವುದಿಲ್ಲ. ಅದರ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಅದೇ ವರ್ಷ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಒಂದೊಂದು ಕಡೆ ನಿಂತರು.

ಕರಡಿನಲ್ಲಿ ಹೆಚ್ಚು ಜಗಳ ತರುವ ಶಬ್ದ ‘ಸಭ್ಯ’. ಒಬ್ಬ ಟೀಚರಿಗೆ ಸಭ್ಯವಾದದ್ದು ಇನ್ನೊಬ್ಬರಿಗೆ ಅಲ್ಲ, ಕೊನೆಗೆ ಗೇಟಿನಲ್ಲಿ ನಿಲ್ಲಿಸಿಕೊಳ್ಳುವವರು ಹೆಣ್ಣುಮಕ್ಕಳೇ. ಬಣ್ಣ ಯಾವುದು, ತೋಳು ಎಲ್ಲಿವರೆಗೆ, ಪ್ಯಾಂಟೋ ಸ್ಕರ್ಟೋ ಆಯ್ದುಕೊಳ್ಳಬಹುದೇ, ಅದನ್ನು ಬರೆ. ಆಟಿ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆ ಮರುದಿನಕ್ಕೆ ಒಣಗುವುದಿಲ್ಲ, ಎರಡೇ ಜೊತೆ ಇರುವ ಮಗು ಏನು ಮಾಡಬೇಕು? ಜೂನ್‌ನಿಂದ ಆಗಸ್ಟ್‌ವರೆಗೆ ಬೇರೆ ಬಟ್ಟೆಗೂ ರಬ್ಬರ್ ಚಪ್ಪಲಿಗೂ ಅವಕಾಶವಿದೆ ಎಂದು ಸ್ಪಷ್ಟವಾಗಿ ಸೇರಿಸು. ಮಕ್ಕಳ ಪ್ರತಿನಿಧಿಗಳಿಗೆ ಕರಡು ತೋರಿಸಿ, ಅವರು ಹೇಳಿದ್ದನ್ನು ಮಿನಿಟ್ಸ್‌ನಲ್ಲಿ ದಾಖಲಿಸು.

ಟಿ.ಸಿ. ಬೆದರಿಕೆಯಂತೂ ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯಿದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಬಿಸಿಲಿಗೆ ನಿಲ್ಲಿಸುವುದು, ಅಸೆಂಬ್ಲಿಯಲ್ಲಿ ಹೆಸರು ಕರೆದು ನಾಚಿಸುವುದು 17ನೇ ಸೆಕ್ಷನ್ ನಿಷೇಧಿಸಿದ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳಗಳೇ ಆಗುತ್ತವೆ.

ಇನ್ನೊಂದು ಸಾಲು ಸೇರಿಸು: ದೂರನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ತಿರುವನಂತಪುರದ ಸೆಕ್ರೆಟರಿಯೇಟಿಗೂ ಕನ್ನಡದಲ್ಲಿ ಬರೆದು, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮೊದಲು ಹೆಡ್‌ಮಾಸ್ಟ್ರಿಗೆ, ಬಗೆಹರಿಯದಿದ್ದರೆ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಅಥವಾ ಡಿ.ಇ.ಒ. (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗೆ, ಆಮೇಲೆ ರಾಜ್ಯ ಬಾಲಹಕ್ಕು ಆಯೋಗಕ್ಕೆ. ದಿನಾಂಕ, ತರಗತಿ, ಆಡಿದ ಮಾತು, ನಿಯಮದ ಪ್ರತಿ ಜೊತೆಗಿರಲಿ. ಬಾಯಿಮಾತಿನ ದೂರಿಗೆ ಗುರುತು ಉಳಿಯುವುದಿಲ್ಲ. ಪ್ರತಿ ಸಲವೂ ರಸೀದಿ ಕೇಳಿ ಪಡೆಯಲಿ.

ತಿದ್ದಿದ ಕರಡನ್ನು ಮೀಟಿಂಗಿಗೆ ಮೊದಲೇ ಕಳಿಸು, ನೋಡಿಕೊಡುತ್ತೇನೆ.

ಇಂತು ನಿನ್ನ ಗೆಳೆಯ