ಚಿತ್ರ ತೆಗೆದವರ ಹೆಸರೂ ಇರಲಿ

ಮಾನ್ಯರೇ,

ಪ್ರಸಿದ್ಧ ಹಳೆಯ ಫೋಟೊಗಳನ್ನು ಮತ್ತೆ ಮುದ್ರಿಸುವಾಗ ಅವನ್ನು ತೆಗೆದವರ ಹೆಸರು ಬಿಟ್ಟುಹೋಗುವುದು ಜಾಸ್ತಿಯಾಗಿದೆ. ನಿಮ್ಮ ಪತ್ರಿಕೆಯಲ್ಲಿ ಬಂದ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಭೂಹೋರಾಟದ ಬಗೆಗಿನ ಲೇಖನದಲ್ಲೂ ಹೀಗೇ ಆಗಿದೆ; ಅದರ ಚಿತ್ರದ ಕೆಳಗೆ ‘ಸಂಗ್ರಹ ಚಿತ್ರ’ ಎಂದಷ್ಟೇ ಇದೆ. 1975ರ ಆಗಸ್ಟ್ 16ರಂದು ಪ್ರಧಾನಿ ಗಾಫ್ ವಿಟ್ಲಮ್ ಅವರು ಗುರಿಂಜಿ ಜನರ ನಾಯಕ ವಿನ್ಸೆಂಟ್ ಲಿಂಗಿಯಾರಿ ಅವರ ಅಂಗೈಗೆ ಕೆಂಪು ಮಣ್ಣು ಸುರಿಯುವ ಚಿತ್ರ ಅದು. 1966ರಲ್ಲಿ ವೇವ್ ಹಿಲ್ ಜಾನುವಾರು ಕೇಂದ್ರದ ಕೆಲಸ ಬಿಟ್ಟು ಹೊರನಡೆದ ಗುರಿಂಜಿ ಜನರಿಗೆ ಕೊನೆಗೂ ಒಂದಿಷ್ಟು ನೆಲ ಸಿಕ್ಕ ದಿನ.

ಚಿತ್ರ ತೆಗೆದವರು ಮರ್ವಿನ್ ಬಿಷಪ್. ಅವರೂ ಮೂಲನಿವಾಸಿಯೇ. ಮಣ್ಣು ಕೊಡುವ ಶಾಸ್ತ್ರ ಮೊದಲು ನೆರಳಲ್ಲಿ ಮುಗಿದಿತ್ತು. ಬೆಳಕು ಸಾಲದೆಂದು ಬಿಷಪ್ ಇಬ್ಬರನ್ನೂ ಬಿಸಿಲಿಗೆ ಕರೆದು ಮತ್ತೊಮ್ಮೆ ಮಾಡಿಸಿದರು. ಹಿನ್ನೆಲೆಗೆ ಆ ನೀಲಿ ಆಕಾಶ ಬಂದದ್ದು ಹಾಗೆ. ಪ್ರಧಾನಿಗೇ ಹೊರಗೆ ಬನ್ನಿ ಎನ್ನಲು ಧೈರ್ಯ ಬೇಕಲ್ವಾ! ಇದೆಲ್ಲ ಗೊತ್ತಾದರೆ ಚಿತ್ರವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಸುಮ್ನೆ ‘ಸಂಗ್ರಹ ಚಿತ್ರ’ ಎಂದು ಹಾಕಿದರೆ ಓದುಗರಿಗೆ ಏನು ತಿಳಿದೀತು?

ಇನ್ನು ಮುಂದೆ ಅಡಿಬರಹದಲ್ಲಿ ಛಾಯಾಗ್ರಾಹಕರ ಹೆಸರು, ಸ್ಥಳ, ದಿನಾಂಕ ಕೊಡಿ. ಮತ್ತೆ ಮಾಡಿಸಿ ತೆಗೆದ ಚಿತ್ರವಾದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ.

– ಒಬ್ಬ ಓದುಗ, ತುಮಕೂರು