ಗೂಡು ಕಟ್ಟುವ ಕಾಲದ ಹಕ್ಕಿ ನಡಿಗೆ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಇರುವುದರಿಂದಲೂ, ಮೇ ತಿಂಗಳ ಎರಡನೆಯ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನವಾಗಿರುವುದರಿಂದಲೂ, ಕರಾವಳಿಯ ಕಡಲತೀರದ ಉದ್ಯಾನಗಳಲ್ಲಿ ನಡೆಯುವಂತಹ ಪಕ್ಷಿವೀಕ್ಷಣಾ ನಡಿಗೆಗಳನ್ನು ಕೊಡಗಿನಲ್ಲೂ ಬೇಸಿಗೆಯಲ್ಲೇ ಏರ್ಪಡಿಸಬೇಕೆಂಬ ಉತ್ಸಾಹ ಹಲವರಲ್ಲಿದೆ. ಉತ್ಸಾಹ ಒಳ್ಳೆಯದೇ. ಆದರೆ ಮೇ ಹೊತ್ತಿಗೆ ನಮ್ಮ ತೋಟಗಳಲ್ಲಿ ಚಳಿಗಾಲ ಕಳೆದ ನವರಂಗ ಹಕ್ಕಿ ಮಧ್ಯಭಾರತ ಹಾಗೂ ಹಿಮಾಲಯದ ತಪ್ಪಲಿನತ್ತ ಹೊರಟಿರುತ್ತದೆ, ತೊರೆಯ ಬಂಡೆಗಳ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯೂ ಮರಳಿರುತ್ತದೆ. ಆಗ ಇಲ್ಲಿ ಕಾಣಸಿಗುವುದು ಹೆಚ್ಚಾಗಿ ಇಲ್ಲಿಯೇ ನೆಲೆಸಿ, ಮರಿ ಮಾಡುವುದರಲ್ಲಿ ತೊಡಗಿರುವ ಹಕ್ಕಿಗಳು.

ಬಯಲಾದ ಮರಳ ದಂಡೆಯಲ್ಲಿ ದೂರದಿಂದ ದುರ್ಬೀನು ಹಿಡಿದು ನೋಡುವುದಕ್ಕೂ, ಕುಶಾಲನಗರದ ಕಾವೇರಿ ನಿಸರ್ಗಧಾಮದ ಬಿದಿರು ಮೆಳೆಗಳ ನಡುವೆಯೋ ತೋಟದ ನೆರಳುಮರಗಳ ಅಡಿಯಲ್ಲೋ ಗುಂಪಾಗಿ ನುಗ್ಗುವುದಕ್ಕೂ ವ್ಯತ್ಯಾಸವಿದೆ. ಪಶ್ಚಿಮಘಟ್ಟದಲ್ಲಿ ಮಾತ್ರ ಕಾಣುವ ಮಲಬಾರ್ ಬೂದು ಮಂಗಟ್ಟೆಯನ್ನೇ ನೋಡಿ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮುಚ್ಚಿಕೊಂಡು, ಕಿರಿದಾದ ಸೀಳೊಂದನ್ನಷ್ಟೇ ಉಳಿಸಿಕೊಳ್ಳುತ್ತದೆ. ಗಂಡು ಅತ್ತಿ ಮುಂತಾದ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕವೇ ಉಣಿಸಬೇಕು. ಮರದ ಬುಡದಲ್ಲಿ ಹತ್ತಾರು ಮಂದಿ ಕ್ಯಾಮೆರಾ ಹಿಡಿದು ನಿಂತರೆ ಗಂಡು ದೂರದ ಕೊಂಬೆಯಲ್ಲೇ ಕುಳಿತು ಕಾಯುತ್ತದೆ, ಒಳಗಿರುವ ತಾಯಿಮರಿಗಳು ಹಸಿದಿರುತ್ತವೆ. ಮೊಬೈಲಿನಲ್ಲಿ ಕೂಗನ್ನು ಹಾಕಿ ಹಕ್ಕಿಯನ್ನು ಹೊರಗೆಳೆಯುವ ಚಾಳಿ ಇನ್ನೂ ಕೆಟ್ಟದ್ದು. ತನ್ನ ಎಲ್ಲೆಯೊಳಗೆ ಬೇರೊಂದು ಹಕ್ಕಿ ಬಂದಿತೆಂದು ಭಾವಿಸಿದ ಗಂಡು, ಮರಿಗಳ ಆರೈಕೆ ಬಿಟ್ಟು ಇಲ್ಲದ ಶತ್ರುವನ್ನು ಹುಡುಕತೊಡಗುತ್ತದೆ. ಒಂದು ಚಿತ್ರಕ್ಕಾಗಿ ಇಷ್ಟೆಲ್ಲ ಮಾಡುವವರನ್ನು ಪಕ್ಷಿಪ್ರಿಯರೆಂದು ಕರೆಯಲು ನನಗಂತೂ ಮನಸ್ಸಿಲ್ಲ.

ಆದುದರಿಂದ ಬೇಸಿಗೆಯ ನಡಿಗೆಗಳು ಪ್ರವಾಸಿಗರ ದಟ್ಟಣೆಗೆ ಮುನ್ನ, ಬೆಳಗಿನ ಹೊತ್ತಿನಲ್ಲಿ, ಸಣ್ಣ ಗುಂಪುಗಳಲ್ಲಿ ನಡೆಯಬೇಕು. ಗೂಡಿನ ಚಿತ್ರವನ್ನಾಗಲಿ ಅದಿರುವ ಜಾಗವನ್ನಾಗಲಿ ಜಾಲತಾಣಗಳಲ್ಲಿ ಹಂಚಬಾರದೆಂಬ ಷರತ್ತನ್ನು ಏರ್ಪಡಿಸುವವರು ಮೊದಲೇ ತಿಳಿಸಬೇಕು.

ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಕೆಲಸವನ್ನೂ ಈ ನಡಿಗೆಗಳಿಂದ ಮಾಡಿಸಬಹುದು. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ನಮ್ಮ ಕಾಫಿ ತೋಟಗಳಲ್ಲಿ ಮರಕಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುತ್ತದೆ. ಕುಟ್ರುಹಕ್ಕಿಗಳು ಒಣಗಿದ ಕೊಂಬೆಯನ್ನು ಕೊರೆದು ಗೂಡು ಮಾಡುತ್ತವೆ, ಮರಕಸಿಯವರು ಮೊದಲು ಇಳಿಸುವುದೂ ಅಂತಹ ಕೊಂಬೆಯನ್ನೇ. ಮಂಗಟ್ಟೆಗೆ ಕೊಕ್ಕಿನಿಂದ ಪೊಟರೆ ಕೊರೆಯಲು ಬರುವುದಿಲ್ಲ; ತಾನಾಗಿ ಪೊಟರೆಯಾದ ಹಳೆಯ ಕಾಡುಮರವೇ ಅದಕ್ಕೆ ಬೇಕು, ಸಾಲಾಗಿ ನೆಟ್ಟ ಎಳೆಯ ಸಿಲ್ವರ್ ಓಕಿನಲ್ಲಿ ಅದು ಸಿಗದು. ಕೊಂಬೆ ಕಡಿಸುವ ಮುನ್ನ ಬೆಳೆಗಾರರು, ಮರ ಹತ್ತುವ ಕಾರ್ಮಿಕರು ಮತ್ತು ಹಕ್ಕಿ ಬಲ್ಲವರು ಒಟ್ಟಿಗೆ ತೋಟ ಸುತ್ತಿ, ಗೂಡಿರುವ ಮರಗಳಿಗೆ ಸುಣ್ಣದ ಗುರುತು ಹಾಕಿದರೆ, ಆ ಮರಗಳ ಕೆಲಸವನ್ನು ಮರಿಗಳು ಹಾರುವವರೆಗೆ ಮುಂದೂಡಬಹುದು. ಯಾವ ಮರದಲ್ಲಿ ಯಾವ ಹಕ್ಕಿ ಇದೆಯೆಂಬುದು ಹಲವು ವೇಳೆ ತೋಟದ ಯಜಮಾನನಿಗಿಂತ ಮರ ಹತ್ತುವವನಿಗೇ ಚೆನ್ನಾಗಿ ತಿಳಿದಿರುತ್ತದೆ.

ಅರಣ್ಯ ಇಲಾಖೆ ಹಾಗೂ ಬೆಳೆಗಾರರ ಸಂಘಗಳು ಮುಂದಿನ ವರ್ಷ ಇಂತಹ ನಡಿಗೆಯನ್ನು ಮೇ ತಿಂಗಳವರೆಗೆ ಕಾಯದೆ, ಮರಕಸಿ ಆರಂಭವಾಗುವ ಮುನ್ನವೇ ಹೋಬಳಿಗೊಂದರಂತೆ ಏರ್ಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಕಾಫಿ ಬೆಳೆಗಾರರೊಬ್ಬರು
ಸುಂಟಿಕೊಪ್ಪ, ಕೊಡಗು