ಓವರ್‌ಟೇಕ್ ಬಗ್ಗೆ ನಮ್ಮ ಲಾರಿ ಚಾಲಕರ ಗಮನಕ್ಕೆ

ಗುಂಪಿನ ಎಲ್ಲ ಅಣ್ಣತಮ್ಮಂದಿರಿಗೆ ನಮಸ್ಕಾರ. ಕಾಸರಗೋಡು ಕಡೆ ತಲಪಾಡಿಯಿಂದ ಚೆಂಗಳದವರೆಗೆ 66ನೇ ರಾಷ್ಟ್ರೀಯ ಹೆದ್ದಾರಿ ಆರು ಪಥ ಆದ ಮೇಲೆ ನಮ್ಮವರೂ ಬಲತುದಿಯ ಪಥ ಹಿಡಿದು ಓಡಿಸುತ್ತಿದ್ದಾರೆ. ದಯವಿಟ್ಟು ಬೇಡ. ಲೋಡ್ ಗಾಡಿಗೆ ಎಡಪಥ, ದಾಟುವುದಕ್ಕೆ ನಡುವಿನದು, ದಾಟಿದ ಮೇಲೆ ಮತ್ತೆ ಎಡಕ್ಕೆ.

ಒಂದು ಲೆಕ್ಕ ನೋಡಿ. ಗಾಡಿಯ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಇರುವುದು ಗಂಟೆಗೆ 80 ಕಿಲೋಮೀಟರಿಗೆ. ಮುಂದಿನ ಲಾರಿ 75ರಲ್ಲಿದ್ದರೆ, ಹಿಂದೆ ಮುಂದೆ ಬಿಡುವ ಜಾಗ ಸೇರಿ ಅದನ್ನು ದಾಟಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು, ಒಂದು ಕಿಲೋಮೀಟರಿಗೂ ಹೆಚ್ಚು ರಸ್ತೆ ಬೇಕು. ಅಷ್ಟು ಹೊತ್ತು ಎರಡು ಲಾರಿ ಜೊತೆಜೊತೆಗೆ ಗೋಡೆ ಕಟ್ಟಿದಂತೆ ಹೋದರೆ ಹಿಂದೆ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಇರಬಹುದು. ಹಾಗಾಗಿ ದಾಟಿಸಿಕೊಳ್ಳುವವನು ಆಕ್ಸಿಲರೇಟರಿನಿಂದ ಸ್ವಲ್ಪ ಕಾಲು ತೆಗೆಯಲಿ. ಇದರಲ್ಲಿ ಸೋಲು ಗೆಲುವು ಏನಿಲ್ಲ.

ಬಲಗಡೆಯ ಇಂಡಿಕೇಟರ್ ಹಾಕಿ ಹಿಂದಿನವನಿಗೆ "ಹೋಗು" ಎನ್ನುವ ಹಳೆಯ ರೂಢಿಯನ್ನು ಪೂರ್ತಿ ಬಿಡೋಣ. ನಾವು ಬಲಕ್ಕೆ ಬರುತ್ತೇವೆಂದು ಒಬ್ಬ ತಿಳಿಯುತ್ತಾನೆ, ದಾರಿ ಬಿಟ್ಟೆವೆಂದು ಇನ್ನೊಬ್ಬ ನುಗ್ಗುತ್ತಾನೆ. ಪಥ ಬದಲಿಸುವಾಗ ಮಾತ್ರ ಇಂಡಿಕೇಟರ್, ಅದೂ ಸ್ಟೇರಿಂಗ್ ತಿರುಗಿಸುವ ಮೊದಲೇ.

ದಾಟಿದ ಗಾಡಿಯ ಎರಡೂ ಹೆಡ್‌ಲೈಟ್ ಎಡಗನ್ನಡಿಯಲ್ಲಿ ಕಂಡ ಮೇಲೇ ಎಡಕ್ಕೆ ಬನ್ನಿ. ಗ್ಯಾಸ್ ಟ್ಯಾಂಕರ್ ಆದರೆ ಇನ್ನೂ ಜಾಸ್ತಿ ಜಾಗ ಬಿಡಿ, ಒಳಗಿನ ದ್ರವ ತುಳುಕುವಾಗ ಅದಕ್ಕೆ ಗಕ್ಕನೆ ಬ್ರೇಕ್ ಹಾಕುವುದು ಕಷ್ಟ. ಕುಂಬಳೆ, ಉಪ್ಪಳದಂಥ ಕಡೆ ಸರ್ವೀಸ್ ರೋಡಿನಿಂದ ಗಾಡಿಗಳು ಹೆದ್ದಾರಿಗೆ ಸೇರುವಲ್ಲಿ ಓವರ್‌ಟೇಕ್ ಬೇಡವೇ ಬೇಡ. ಹೊಸದಾಗಿ ಸೇರಿದ ಹುಡುಗರಿಗೂ ಇದನ್ನು ಓದಿ ಹೇಳಿ.